ಶುಕ್ರವಾರ ರಜೆಯೋ, ವರ್ಷಕ್ಕೆ 12 ದಿನ ಹೆಚ್ಚು ರಜೆಯೋ? ಡೊಂಬಿವಲಿಯಿಂದ ಒಂದು ಲೆಕ್ಕ

ಇವತ್ತಿನ ಮಾತು ಕೋಡ್ ಬಗ್ಗೆ ಅಲ್ಲ, ಸಂದರ್ಶನದ ಪ್ರಶ್ನೆಗಳ ಬಗ್ಗೆಯೂ ಅಲ್ಲ. ಎರಡು ವಾರದಿಂದ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಇದೇ ಚರ್ಚೆ ನಡೀತಾ ಇದೆ, ಅದಕ್ಕೇ ಇಲ್ಲಿ ತಂದಿದ್ದೇನೆ.

ವಿಷಯ ಇಷ್ಟು. ನಮ್ಮ ಆಫೀಸಿನಿಂದ ಒಂದು ಫಾರ್ಮ್ ಬಂತು. ಎರಡರಲ್ಲಿ ಒಂದನ್ನು ಆರಿಸಿ ಅಂತ. ಮೊದಲನೆಯದು, ವಾರಕ್ಕೆ ನಾಲ್ಕೇ ದಿನ ಕೆಲಸ, ಶುಕ್ರವಾರ ರಜೆ, ಆದರೆ ದಿನಕ್ಕೆ 10 ಗಂಟೆ. ಎರಡನೆಯದು, ಈಗಿನ ಹಾಗೇ ಐದು ದಿನ, ದಿನಕ್ಕೆ 8 ಗಂಟೆ, ಆದರೆ ಈಗ ಇರುವ 26 ದಿನದ ರಜೆಯ ಮೇಲೆ ಇನ್ನೂ 12 ದಿನ. ಒಂದು ವರ್ಷದ ಪ್ರಯೋಗ. ಒಮ್ಮೆ ಆರಿಸಿದರೆ ವರ್ಷದ ಮಧ್ಯೆ ಬದಲಾಯಿಸುವಂತಿಲ್ಲ.

ನಮ್ಮ ಟೀಮಿನ ಹುಡುಗರು ಫಾರ್ಮ್ ಪೂರ್ತಿ ಓದುವುದಕ್ಕೂ ಮೊದಲೇ ಶುಕ್ರವಾರಕ್ಕೆ ಟಿಕ್ ಮಾಡಿದರು. 52 ಶುಕ್ರವಾರ ಎಲ್ಲಿ, 12 ದಿನ ಎಲ್ಲಿ! ನಾನೂ ಮೊದಲ ದಿನ ಹಾಗೇ ಅಂದುಕೊಂಡಿದ್ದೆ. ರಾತ್ರಿ ಮಗಳು ಮಲಗಿದ ಮೇಲೆ ಎಕ್ಸೆಲ್ ತೆಗೆದು ಕೂತೆ.

ನಾನಿರುವುದು ಡೊಂಬಿವಲಿ ಪೂರ್ವ, ಆಫೀಸು ಐರೋಲಿ. ಮನೆಯಿಂದ ಸ್ಟೇಷನ್‌ಗೆ ರಿಕ್ಷಾ, ಅಲ್ಲಿಂದ ಥಾಣೆಗೆ ಲೋಕಲ್, ಥಾಣೆಯಲ್ಲಿ ಸೇತುವೆ ಹತ್ತಿಳಿದು ಟ್ರಾನ್ಸ್‌ಹಾರ್ಬರ್ ಗಾಡಿ, ದೀಘಾ ದಾಟಿದರೆ ಐರೋಲಿ. ನಕ್ಷೆಯಲ್ಲಿ ನೋಡಿದರೆ ನಗು ಬರುತ್ತೆ, ಅಷ್ಟು ಹತ್ತಿರ. ಆದರೆ ಬಾಗಿಲಿಂದ ಬಾಗಿಲಿಗೆ 1 ಗಂಟೆ 20 ನಿಮಿಷ, ಹೋಗಿ ಬರಲು 2 ಗಂಟೆ 40 ನಿಮಿಷ.

ಈಗ ಲೆಕ್ಕ ನೋಡಿ. ನಾಲ್ಕು ದಿನ 10 ಗಂಟೆ ಅಂದರೆ ವಾರಕ್ಕೆ 40. ಐದು ದಿನ 8 ಗಂಟೆ ಅಂದರೂ 40. ಅಂದರೆ ಶುಕ್ರವಾರ ರಜೆ ಕೊಡುವ ಆಯ್ಕೆಯಲ್ಲಿ ಕಂಪನಿ ಒಂದು ಗಂಟೆಯನ್ನೂ ಬಿಟ್ಟುಕೊಡುತ್ತಿಲ್ಲ. ನನಗೆ ಉಳಿಯುವುದು ಆ ದಿನದ ಪ್ರಯಾಣ ಮಾತ್ರ. ರಜೆ ಕಳೆದು ವರ್ಷಕ್ಕೆ ಸುಮಾರು 47 ವಾರ ಕೆಲಸ ಅಂತ ಇಟ್ಟುಕೊಳ್ಳಿ. 47 ಸಲ 2 ಗಂಟೆ 40 ನಿಮಿಷ, ಹತ್ತಿರ ಹತ್ತಿರ 125 ಗಂಟೆ. ಎರಡನೇ ಆಯ್ಕೆಯಲ್ಲಿ 12 ದಿನದ ಕೆಲಸ 96 ಗಂಟೆ, ಆ 12 ದಿನದ ಪ್ರಯಾಣ 32 ಗಂಟೆ, ಒಟ್ಟು 128. ಹಬ್ಬದ ರಜೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ, ಇದು ಸ್ಥೂಲ ಲೆಕ್ಕ. ಆದರೂ 125 ಮತ್ತು 128! ನಾನು ಎರಡು ಸಲ ತಾಳೆ ನೋಡಿದೆ. 52 ದಿನ ಮತ್ತು 12 ದಿನ ಅಂತ ಕಾಣುತ್ತಿದ್ದ ಎರಡೂ ಡೊಂಬಿವಲಿಯವನ ಪಾಲಿಗೆ ಸರಿಸುಮಾರು ಒಂದೇ. ವ್ಯತ್ಯಾಸ ಏನಪ್ಪಾ ಅಂದರೆ, ಒಂದರಲ್ಲಿ ಸಮಯ ಕೊಡುವುದು ರೈಲು, ಇನ್ನೊಂದರಲ್ಲಿ ಮುಕ್ಕಾಲು ಪಾಲು ಕೊಡುವುದು ಕಂಪನಿ. ಐರೋಲಿಯಲ್ಲೇ ಬಾಡಿಗೆಗೆ ಇರುವ ನನ್ನ ಸಹೋದ್ಯೋಗಿಗೆ ಮೊದಲನೆಯದರಲ್ಲಿ ಉಳಿಯುವ ಗಂಟೆ ಹೆಚ್ಚುಕಮ್ಮಿ ಸೊನ್ನೆ. ಅವನೂ ಶುಕ್ರವಾರಕ್ಕೇ ಟಿಕ್ ಮಾಡಿದ್ದಾನೆ, ಅದು ಬೇರೆ ಮಾತು.

ನಾಲ್ಕು ದಿನದ ವಾರ ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ಪದಾರ್ಥಗಳು ಮಾರಾಟವಾಗುತ್ತಿವೆ. ಬ್ರಿಟನ್ನಿನಲ್ಲಿ 2022ರಲ್ಲಿ 61 ಕಂಪನಿಗಳು, ಸುಮಾರು 2,900 ಜನ ಆರು ತಿಂಗಳು ಪ್ರಯೋಗ ಮಾಡಿದರಲ್ಲ, ಪ್ರಯೋಗ ಮುಗಿದ ಮೇಲೆ 56 ಕಂಪನಿಗಳು ಮುಂದುವರಿಸಿದವು. ಅಲ್ಲಿ ಸಂಬಳ ಅಷ್ಟೇ ಇಟ್ಟು ಕೆಲಸದ ಗಂಟೆಯನ್ನು ನಿಜವಾಗಿ ಇಳಿಸಿದ್ದರು. ಐಸ್‌ಲ್ಯಾಂಡಿನ 2015-2019ರ ಪ್ರಯೋಗದ ಸುದ್ದಿಯೂ ನಾಲ್ಕು ದಿನದ ವಾರ ಅಂತಲೇ ವಾಟ್ಸಾಪ್‌ನಲ್ಲಿ ಓಡಾಡುತ್ತೆ. ಅಲ್ಲಿ ಆಗಿದ್ದು ವಾರಕ್ಕೆ 40 ಗಂಟೆಯಿಂದ 35-36ಕ್ಕೆ ಇಳಿಕೆ. ಆದರೆ ಬೆಲ್ಜಿಯಂ 2022ರಲ್ಲಿ ಕಾನೂನು ಮಾಡಿದ್ದು ಅದೇ ಗಂಟೆಗಳನ್ನು ನಾಲ್ಕು ದಿನದಲ್ಲಿ ತುಂಬುವುದಕ್ಕೆ. ನಮ್ಮಲ್ಲಿ 2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಸುದ್ದಿ ಮಾಡಿದ ನಾಲ್ಕು ದಿನದ ವಾರವೂ ಈ ಜಾತಿಯದ್ದೇ. ವಾರಕ್ಕೆ 48 ಗಂಟೆಯ ಮಿತಿ ಹಾಗೇ ಇದೆ, ಅದನ್ನು ದಿನಕ್ಕೆ 12ರಂತೆ ನಾಲ್ಕು ದಿನದಲ್ಲಿ ಮುಗಿಸಬಹುದು ಅಷ್ಟೇ. ಹನ್ನೆರಡು ಗಂಟೆ ಕೆಲಸ ಮಾಡಿ ಕಲ್ಯಾಣ್ ಗಾಡಿ ಹತ್ತುವವನ ಮುಖ ನೆನಪಿಸಿಕೊಳ್ಳಿ.

ನಿಜವಾದ 32 ಗಂಟೆಯ ವಾರ ಯಾರಾದರೂ ಕೊಟ್ಟರೆ ಈ ಮಾತೇ ಬೇಕಿಲ್ಲ, ಕಣ್ಣು ಮುಚ್ಚಿ ತಗೊಳ್ಳಿ. ನನಗೆ ಅದು ಕೊಟ್ಟಿಲ್ಲ.

ಈ ಕೊಡು-ಕೊಳ್ಳುವ ಲೆಕ್ಕ ಸರ್ಕಾರಗಳಿಗೆ ಹೊಸದೇನಲ್ಲ. ಮಹಾರಾಷ್ಟ್ರ ಸರ್ಕಾರ 2020ರ ಫೆಬ್ರವರಿ ಕೊನೆಯಿಂದ ತನ್ನ ನೌಕರರಿಗೆ ಐದು ದಿನದ ವಾರ ಮಾಡಿತು. ಎಲ್ಲ ಶನಿವಾರ ರಜೆ, ಬದಲಿಗೆ ದಿನಕ್ಕೆ 45 ನಿಮಿಷ ಹೆಚ್ಚು ಕೆಲಸ. ಆಗ ಕೊಟ್ಟ ಲೆಕ್ಕದಲ್ಲಿ ವರ್ಷದ ಕೆಲಸದ ದಿನ 288ರಿಂದ 264ಕ್ಕೆ ಇಳಿದಿತ್ತು, ಕೆಲಸದ ಗಂಟೆ ಮಾತ್ರ 2,088ರಿಂದ 2,112ಕ್ಕೆ ಏರಿತ್ತು! ದಿನ ಕಡಿಮೆ, ಗಂಟೆ ಜಾಸ್ತಿ. ಬ್ಯಾಂಕಿನವರ ಐದು ದಿನದ ವಾರದ ಒಪ್ಪಂದದಲ್ಲೂ ದಿನಕ್ಕೆ 40 ನಿಮಿಷ ಸೇರಿಸುವ ಮಾತಿದೆ.

ನನ್ನ ಪ್ರಶ್ನೆಗೆ ಇನ್ನೂ ಹತ್ತಿರದ್ದು ಕರ್ನಾಟಕದ್ದು. 2019ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ತನ್ನ ನೌಕರರಿಗೆ ನಾಲ್ಕನೇ ಶನಿವಾರವನ್ನೂ ರಜೆ ಮಾಡಿತು. ಎರಡನೇ ಶನಿವಾರ ಮೊದಲಿಂದಲೂ ಇತ್ತು. ಆದರೆ ಜೊತೆಗೇ ವರ್ಷಕ್ಕಿದ್ದ 15 ಸಾಂದರ್ಭಿಕ ರಜೆಯನ್ನು 10ಕ್ಕೆ ಇಳಿಸಿತು. ಹನ್ನೆರಡು ಶನಿವಾರ ಬಂತು, ಐದು ಸಿಎಲ್ ಹೋಯಿತು. ಕಾಗದದ ಮೇಲೆ ಏಳು ದಿನ ಲಾಭ. ನನ್ನ ಹೆಂಡತಿಯ ಅಣ್ಣ ಶಿವಮೊಗ್ಗದಲ್ಲಿ ಸರ್ಕಾರಿ ಕೆಲಸದಲ್ಲಿದ್ದಾರೆ. ಮೊನ್ನೆ ಫೋನ್ ಮಾಡಿ ಕೇಳಿದೆ, ಭಾವ, ಯಾವುದು ಒಳ್ಳೆಯದಿತ್ತು ಅಂತ. ಅವರು ಅಂದದ್ದು, “ನೋಡಿ, ಜ್ವರ ನಾಲ್ಕನೇ ಶನಿವಾರ ನೋಡ್ಕೊಂಡು ಬರಲ್ಲ. ಆವತ್ತು ನನಗೂ ರಜೆ, ಬ್ಯಾಂಕಿಗೂ ರಜೆ, ತಾಲೂಕಾಫೀಸಿಗೂ ರಜೆ. ಮನೇಲಿ ಕೂತು ಏನು ಮಾಡೋದು?” ಆಮೇಲೆ ಅವರೇ ಸೇರಿಸಿದರು, “ಆದ್ರೆ ಒಂದು. ಆ ಶನಿವಾರಕ್ಕೆ ಯಾರ ಹತ್ರಾನೂ ಕೈ ಕಟ್ಟಿ ನಿಲ್ಲಬೇಕಿಲ್ಲ.”

ಈ ಕೊನೆಯ ಮಾತು ನನ್ನನ್ನು ಒಂದು ವಾರ ಕಾಡಿತು, ಯಾಕಂದರೆ ಅದು ನಾನು ಒಲವು ತೋರುತ್ತಿದ್ದ ಆಯ್ಕೆಗೆ ವಿರುದ್ಧವಾದ ಮಾತು. ಶುಕ್ರವಾರ ತಾನಾಗಿ ಬರುತ್ತೆ. ವಾರ್ಷಿಕ ರಜೆ ಕೇಳಬೇಕು. ಕೇಳಿದಾಗ ರಿಲೀಸ್ ಇರುತ್ತೆ, ಕ್ಲೈಂಟ್ ಬರ್ತಾನೆ, ಜೊತೆಗಿದ್ದವನು ಕೆಲಸ ಬಿಟ್ಟಿರುತ್ತಾನೆ. ಕಳೆದ ವರ್ಷ ನನ್ನ 26ರಲ್ಲಿ ಒಂಬತ್ತು ದಿನ ಉಳಿದೇ ಹೋಯಿತು. ಯಾರೂ ಬೇಡ ಅಂದಿರಲಿಲ್ಲ, ಅದೇ ತಮಾಷೆ. ನಾನೇ ಕೇಳಲಿಲ್ಲ. ಇರುವುದನ್ನೇ ತಗೊಳ್ಳದವನಿಗೆ ಇನ್ನೂ ಹನ್ನೆರಡು ಯಾಕೆ ಅಂತ ಹೆಂಡತಿ ಕೇಳಿದಳು. ಉತ್ತರ ಹೇಳಲು ಆಗಲಿಲ್ಲ.

ಈಗ ನನ್ನ ಅಪ್ಪಯ್ಯನ ವಿಷಯ ಹೇಳಬೇಕು. ಅವರಿಗೆ 74. ಬ್ರಹ್ಮಾವರದ ಹತ್ತಿರದ ಊರಲ್ಲಿ ಒಬ್ಬರೇ ಇದ್ದಾರೆ. ಅಮ್ಮ ತೀರಿಹೋಗಿ ನಾಲ್ಕು ವರ್ಷ. ಡೊಂಬಿವಲಿಗೆ ಬನ್ನಿ ಅಂದರೆ ಬರುತ್ತಾರೆ, ಹದಿನೈದು ದಿನಕ್ಕೆ ಮುಖ ಬಾಡುತ್ತೆ, ಬಾಲ್ಕನಿಯಲ್ಲಿ ನಿಂತು ಎದುರಿನ ಕಟ್ಟಡದ ಮಹಡಿ ಎಣಿಸುತ್ತಾರೆ. ಹಾಗಾಗಿ ನಾನೇ ಹೋಗುತ್ತೇನೆ. ಕಳೆದ ವರ್ಷ ಐದು ಸಲ ಹೋದೆ. ಶುಕ್ರವಾರ ರಾತ್ರಿ ಥಾಣೆಯಲ್ಲಿ ಮಂಗಳೂರು ಎಕ್ಸ್‌ಪ್ರೆಸ್ ಹತ್ತಿದರೆ ಶನಿವಾರ ಮಧ್ಯಾಹ್ನದ ಹೊತ್ತಿಗೆ ಉಡುಪಿ. ಭಾನುವಾರ ಮಧ್ಯಾಹ್ನ ಮತ್ಸ್ಯಗಂಧ ಹಿಡಿದರೆ ಸೋಮವಾರ ಬೆಳಗಾಗುವ ಮೊದಲು ಥಾಣೆ. ಊರಲ್ಲಿ ಸಿಗುವುದು ಹೆಚ್ಚೆಂದರೆ 27 ಗಂಟೆ. ಶುಕ್ರವಾರ ರಜೆ ಇದ್ದರೆ ಗುರುವಾರ ರಾತ್ರಿಯೇ ಹೊರಡಬಹುದು, 27 ಇದ್ದದ್ದು 51 ಆಗುತ್ತೆ. ಒಪ್ಪುತ್ತೇನೆ, ಅದು ದೊಡ್ಡ ವ್ಯತ್ಯಾಸ. ಫಾರ್ಮ್ ನೋಡಿದಾಗ ನನ್ನ ತಲೆಗೆ ಮೊದಲು ಬಂದದ್ದೂ ಇದೇ.

ಆದರೆ ಕಳೆದ ಸಲ ಅವರ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹನಿ ಹಾಕುವುದಕ್ಕೆ ಜನ ಬೇಕಲ್ಲ, ಹತ್ತು ದಿನ ಇದ್ದೆ. ಮೊದಲ ಎರಡು ದಿನ ಎಲ್ಲ ಎಂದಿನಂತೆ. ಕುಚ್ಚಲಕ್ಕಿ ಗಂಜಿ, ಚಟ್ನಿ, ರಾತ್ರಿ ಸಾರು, ಹಪ್ಪಳ. ಅಪ್ಪಯ್ಯ ಗಟ್ಟಿಯಾಗಿದ್ದಾರೆ ಅಂದುಕೊಂಡೆ. ನಾಲ್ಕನೇ ದಿನ ಸಂಜೆ ಕತ್ತಲಾದರೂ ಒಲೆ ಹಚ್ಚಲಿಲ್ಲ. ಕೇಳಿದರೆ ಹಸಿವಿಲ್ಲ ಅಂದರು. ಐದನೇ ದಿನವೂ ಹಾಗೇ. ಆರನೇ ದಿನ ಪಕ್ಕದ ಮನೆಯ ಅಕ್ಕ ಹೇಳಿದರು, “ಅವ್ರ್ ರಾತ್ರಿ ಅಡುಗೆ ಮಾಡುದ್ ಬಿಟ್ಟ್ ವರ್ಷ ಆಯ್ತ್ ಮಾರಾಯಾ. ನೀ ಬಂದಾಗ್ ಮಾತ್ರ.” ರಾತ್ರಿ ಊಟದ ನಂತರದ ಬಿ.ಪಿ. ಮಾತ್ರೆ ಇದೆಯಲ್ಲ, ಊಟವೇ ಇಲ್ಲದ ಮೇಲೆ ಮಾತ್ರೆ ಎಲ್ಲಿಂದ? ಡಬ್ಬಿ ತೆಗೆದು ನೋಡಿದೆ, ಪಟ್ಟಿಗಳು ಹಾಗೇ ಇದ್ದವು.

ವರ್ಷಕ್ಕೆ ಐದು ಸಲ ಹೋದವನು ನಾನು. ಐದು ಸಲವೂ ನನಗೆ ಇದು ಗೊತ್ತಾಗಲಿಲ್ಲ. ಯಾಕಂದರೆ ಐದು ಸಲವೂ ನಾನು ನೆಂಟ. ಎರಡು ದಿನ ನೆಂಟರು ಬಂದರೆ ಯಾರಾದರೂ ಅಡುಗೆ ಮಾಡುತ್ತಾರೆ, ಅಂಗಳ ಗುಡಿಸುತ್ತಾರೆ, ನಗುತ್ತಾ ಇರುತ್ತಾರೆ. 27 ಗಂಟೆಯನ್ನು 51 ಮಾಡಿದರೂ ನಾನು ನೆಂಟನೇ. ನಾಲ್ಕನೇ ದಿನ ಶುರುವಾದ ಮೇಲೆ ಮಾತ್ರ ಮಗ ಆಗುತ್ತೇನೆ. ಆ ಹತ್ತು ದಿನದಲ್ಲಿ ಡಾಕ್ಟರ ಹತ್ತಿರ ಹೋಗಿ ಮಾತ್ರೆಯನ್ನು ಬೆಳಿಗ್ಗೆಗೆ ಬದಲಾಯಿಸಿದೆವು, ಪಕ್ಕದ ಮನೆಯವರ ಹತ್ತಿರ ರಾತ್ರಿ ಊಟದ ಏರ್ಪಾಡು ಮಾಡಿದೆವು. ಅವರು ದುಡ್ಡು ಬೇಡ ಅಂದರು, ಅಪ್ಪಯ್ಯ ದುಡ್ಡಿಲ್ಲದೆ ಒಲ್ಲೆ ಅಂದರು, ಅದನ್ನು ಬಗೆಹರಿಸಲಿಕ್ಕೇ ಎರಡು ದಿನ ಬೇಕಾಯಿತು.

ಕಂಪ್ಯೂಟರ್ ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಮೆಮೊರಿಯಲ್ಲಿ ಒಟ್ಟು ಖಾಲಿ ಜಾಗ ಬೇಕಾದಷ್ಟಿರುತ್ತೆ, ಆದರೆ ಚೂರು ಚೂರಾಗಿ ಚದುರಿರುತ್ತೆ. ದೊಡ್ಡದೊಂದು ತುಂಡು ಬೇಕು ಅಂದಾಗ ಸಿಗುವುದಿಲ್ಲ. ಎಂ.ಟೆಕ್.ನಲ್ಲಿ ಈ ಪಾಠ ಎರಡು ಸಲ ಓದಿದ್ದೇನೆ, ನನ್ನ ಕ್ಯಾಲೆಂಡರಿಗೆ ಅನ್ವಯಿಸಬೇಕು ಅಂತ ಹೊಳೆಯಲಿಲ್ಲ.

ನಮ್ಮ ಹಿಂದಿನ ತಲೆಮಾರಿಗೆ ಇದು ಹೊಳೆಯಬೇಕಾಗಿಯೇ ಇರಲಿಲ್ಲ, ಅವರು ಬದುಕಿದ್ದೇ ಹಾಗೆ. ನನ್ನ ದೊಡ್ಡಪ್ಪ ಕಲ್ಯಾಣದಲ್ಲಿದ್ದಾರೆ. ಹದಿನೈದನೇ ವಯಸ್ಸಿಗೆ ಹೋಟೆಲ್ ಕೆಲಸಕ್ಕೆ ಅಂತ ಬಂದವರು. ಕಾನೂನಿನಲ್ಲಿ ವಾರಕ್ಕೊಂದು ರಜೆ ಆಗಲೂ ಇತ್ತು. ಆದರೆ ಅವರಂತಹ ಹುಡುಗರು ಅದನ್ನು ತಗೊಳ್ಳದೆ ಕೆಲಸ ಮಾಡಿ, ಮಳೆಗಾಲಕ್ಕೆ ಮೊದಲು ಒಂದೂವರೆ ಎರಡು ತಿಂಗಳು ಊರಿಗೆ ಹೋಗುತ್ತಿದ್ದರು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಅದಕ್ಕೆ ಮೊದಲು ಬಸ್ಸಿನಲ್ಲಿ ಘಾಟಿ ಹತ್ತಿಳಿದು ಹೋಗುವವರಿಗೆ ಎರಡು ದಿನದ ಭೇಟಿ ಅನ್ನುವ ಕಲ್ಪನೆಯೇ ಇರಲಿಲ್ಲ. ವಾರದ ರಜೆ ಯಾಕೆ ಬಿಡುತ್ತಿದ್ದಿರಿ ಅಂತ ಕೇಳಿದೆ. “ಎಂಟ್ ಜನ ಇರು ಕೋಣೆಯಂಗೆ ರಜೆ ತಕಂಡ್ ಎಂತ ಮಾಡುದು? ಬಟ್ಟೆ ಒಗುದು, ಮಲ್ಕಂಬುದು” ಅಂದರು. ಹಾಗಂತ ಅವರ ಕಾಲ ಚೆನ್ನಾಗಿತ್ತು ಅನ್ನಬೇಡಿ. ಹೋದ ಎರಡು ತಿಂಗಳಿಗೆ ಸಂಬಳ ಇರುತ್ತಿರಲಿಲ್ಲ, ವಾಪಸ್ ಬಂದಾಗ ಅದೇ ಕೆಲಸ ಇರುತ್ತೆ ಅನ್ನುವ ಖಾತ್ರಿಯೂ ಇರಲಿಲ್ಲ. ಮೊಣಕಾಲು ಈಗ ಎರಡೂ ಹೋಗಿವೆ. ವಾರದ ರಜೆ ಬಿಟ್ಟದ್ದರ ಬೆಲೆ ಅದು ಅಂತ ದೊಡ್ಡಮ್ಮ ಹೇಳುತ್ತಾರೆ.

ಈಗ ಹೆಂಡತಿಯ ವಾದ. ಅದೂ ಗಟ್ಟಿಯಾಗಿದೆ. ಅವಳ ಆಫೀಸು ಥಾಣೆಯಲ್ಲಿ, ಅಲ್ಲಿ ಇಂತಹ ಫಾರ್ಮ್ ಬಂದಿಲ್ಲ. ಮಗಳಿಗೆ ಆರು ವರ್ಷ. ಅವಳು ಹೇಳಿದ್ದು, “ನಿಮಗೆ ಶುಕ್ರವಾರ ಸಿಕ್ಕಿದರೆ ಶಾಲೆಯಿಂದ ಕರ್ಕೊಂಡು ಬರೋದು, ಬ್ಯಾಂಕು, ಸೊಸೈಟಿ ಆಫೀಸು, ಹಲ್ಲಿನ ಡಾಕ್ಟ್ರು ಎಲ್ಲ ನಿಮ್ಮ ಪಾಲಿಗೆ. ಈಗ ಇದಕ್ಕೆಲ್ಲ ನನ್ನ ಸಿಎಲ್ ಹೋಗ್ತಿದೆ. ನೀವು ಉಳಿಸಿರೋ ಒಂಬತ್ತು ದಿನ ಇದ್ಯಲ್ಲ, ಅದು ನನ್ನ ರಜೆ ತಿಂದು ಉಳಿಸಿದ್ದು.” ನಾನು ಎಕ್ಸೆಲ್ ಮುಚ್ಚಿದೆ. ಆ ಲೆಕ್ಕ ನನ್ನ ಹಾಳೆಯಲ್ಲಿ ಇರಲೇ ಇಲ್ಲ.

ಇನ್ನೊಂದು ವಿಷಯ ಇಬ್ಬರೂ ಹೇಳದೇ ಇದ್ದದ್ದು. 2025ರ ಜೂನ್ 9ರ ಬೆಳಿಗ್ಗೆ ದಿವಾ-ಮುಂಬ್ರಾ ನಡುವೆ ಎದುರು ಬದುರು ಗಾಡಿಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದು ಕನಿಷ್ಠ ನಾಲ್ಕು ಜನ ತೀರಿಹೋದರು. ನಾನು ದಿನಾ ದಾಟುವ ತಿರುವು ಅದು. ಆ ಹಳಿಯ ಮೇಲೆ ವಾರಕ್ಕೆ ಒಂದು ದಿನ ಕಡಿಮೆ ಹೋಗುವುದಕ್ಕೆ ಗಂಟೆಯಲ್ಲಿ ಬೆಲೆ ಕಟ್ಟಲು ನನಗೆ ಬರುವುದಿಲ್ಲ.

ಆದರೆ ನಾಲ್ಕು ದಿನದ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿ ನೋಡಿದೆವು. 9ಕ್ಕೆ ಶುರುವಾದರೆ 7ಕ್ಕೆ ಮುಗಿಯುತ್ತೆ, ಅದೂ ಊಟದ ಹೊತ್ತನ್ನು ಸೇರಿಸದೆ. ಮನೆ ಸೇರುವಾಗ ಒಂಬತ್ತು ದಾಟಿರುತ್ತೆ. ಮಗಳು ಒಂಬತ್ತಕ್ಕೆ ಮಲಗುತ್ತಾಳೆ. ಸೋಮವಾರದಿಂದ ಗುರುವಾರದವರೆಗೆ ಅವಳ ಕನ್ನಡ ಅಕ್ಷರ ಬರೆಸುವುದು, ಊಟ ಮಾಡಿಸುವುದು, ಮಲಗಿಸುವುದು ಎಲ್ಲ ಹೆಂಡತಿಯ ಮೇಲೆ ಬೀಳುತ್ತೆ. ಒಂದು ಶುಕ್ರವಾರಕ್ಕೆ ನಾಲ್ಕು ಸಂಜೆ. ಇದನ್ನು ಕಂಡ ಮೇಲೆ ಅವಳು ಸ್ವಲ್ಪ ಸುಮ್ಮನಾದಳು. ಪೂರ್ತಿ ಒಪ್ಪಿದಳು ಅಂತ ಹೇಳಲಾರೆ.

ಕೊನೆಗೆ ನಾನು ಹನ್ನೆರಡು ದಿನಕ್ಕೆ ಟಿಕ್ ಮಾಡಿದೆ. ಆದರೆ ಖಾಲಿ ಟಿಕ್ ಅಲ್ಲ. ಕೆಳಗಿನ ಖಾಲಿ ಜಾಗದಲ್ಲಿ ಒಂದು ಬೇಡಿಕೆ ಬರೆದೆ. ವರ್ಷದ ಮೊದಲ ತಿಂಗಳಲ್ಲೇ ಎಲ್ಲರೂ ಹತ್ತು ಕೆಲಸದ ದಿನಗಳ ಒಂದು ತುಂಡನ್ನು ಗುರುತು ಮಾಡಬೇಕು, ಅದು ಆಗಲೇ ಮಂಜೂರಾದಂತೆ, ಮತ್ತೆ ಕೇಳುವಂತಿಲ್ಲ, ಮ್ಯಾನೇಜರೂ ಸೇರಿದಂತೆ. ಇದು ನನ್ನ ತಲೆಯಿಂದ ಬಂದದ್ದಲ್ಲ. ಬ್ಯಾಂಕುಗಳಲ್ಲಿ ಸೂಕ್ಷ್ಮ ಜವಾಬ್ದಾರಿ ಇರುವವರು ವರ್ಷಕ್ಕೊಮ್ಮೆ ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನ ರಜೆ ಹೋಗಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ, ಅದೂ ಮುಂಚೆ ತಿಳಿಸದೆ ಕಳಿಸಬೇಕು. ಅವರ ಮೇಲಿನ ಪ್ರೀತಿಗಲ್ಲ, ಅವರಿಲ್ಲದಾಗ ಅವರು ಮುಚ್ಚಿಟ್ಟದ್ದೇನಾದರೂ ಇದ್ದರೆ ಬೇರೆಯವರ ಕಣ್ಣಿಗೆ ಬೀಳಲಿ ಅಂತ. ಸಾಫ್ಟ್‌ವೇರಿನಲ್ಲೂ ಹಾಗೇ ಅಲ್ವಾ? ನನ್ನೊಬ್ಬನಿಗೇ ಗೊತ್ತಿರುವ ಸ್ಕ್ರಿಪ್ಟುಗಳು ಎಷ್ಟಿವೆ ಅಂತ ನಾನು ಹತ್ತು ದಿನ ಇಲ್ಲದಾಗಲೇ ಟೀಮಿಗೆ ಗೊತ್ತಾದದ್ದು. ಕರುಣೆಯ ಹೆಸರಲ್ಲಿ ಕೇಳಿದರೆ ಮ್ಯಾನೇಜರ್ ಮುಂದೂಡುತ್ತಾರೆ, ಅಪಾಯದ ಹೆಸರಲ್ಲಿ ಕೇಳಿದರೆ ಓದುತ್ತಾರೆ.

ಈ ಬೇಡಿಕೆ ಒಪ್ಪದಿದ್ದರೆ ನನ್ನ ಆಯ್ಕೆ ತಪ್ಪು ಅಂತ ನನಗೂ ಗೊತ್ತು. ಕೇಳಲು ಹಿಂಜರಿಯುವವನಿಗೆ, ರಜೆ ಉಳಿಸಿ ಕಳೆಯುವವನಿಗೆ ಶುಕ್ರವಾರವೇ ವಾಸಿ. ಅಪ್ಪ ಅಮ್ಮ ಜೊತೆಗೇ ಇರುವವರಿಗೆ, ಪನ್ವೇಲ್ ಕಡೆಯಿಂದ ಎರಡು ಗಂಟೆ ಪ್ರಯಾಣ ಮಾಡುವವರಿಗೆ ಲೆಕ್ಕ ಬೇರೆಯೇ ಬರುತ್ತೆ. ನನ್ನ ಉತ್ತರ ನಕಲು ಮಾಡಬೇಡಿ. ನಿಮ್ಮ ಪ್ರಯಾಣದ ನಿಮಿಷ ಹಾಕಿ ನೀವೇ ಲೆಕ್ಕ ಮಾಡಿ. ಅದರ ಪಕ್ಕದಲ್ಲಿ ಮನೆಯವರು ನಿಮಗಾಗಿ ಹಾಕಿದ ರಜೆಯನ್ನೂ ಬರೆಯಿರಿ, ನಾನು ಬಿಟ್ಟ ಹಾಗೆ ಬಿಡಬೇಡಿ.

ಹನ್ನೆರಡರಲ್ಲಿ ಹತ್ತು ದಿನ ಮೇ ತಿಂಗಳಿಗೆ, ಮಗಳನ್ನೂ ಕರೆದುಕೊಂಡು ಊರಿಗೆ. ಉಳಿದ ಎರಡು ಮತ್ತು ಹಳೆಯ 26ರಲ್ಲಿ ಒಂಬತ್ತು ಹೆಂಡತಿಯ ಹೆಸರಿಗೆ ಬರೆದಿದ್ದೇನೆ, ಅಂದರೆ ಶಾಲೆ, ಡಾಕ್ಟರು, ಸೊಸೈಟಿ ಆಫೀಸು ಇನ್ನು ನನ್ನದು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತೆ, ಮೇ ತಿಂಗಳ ಮತ್ಸ್ಯಗಂಧ ಅಂದರೆ ಬೆಳಿಗ್ಗೆ 8ಕ್ಕೆ ಬೆರಳು ಸಿದ್ಧ ಇಟ್ಟುಕೊಂಡು ಕೂರಬೇಕು. ಅಪ್ಪಯ್ಯನಿಗೆ ಫೋನ್ ಮಾಡಿ ಹೇಳಿದೆ, ಈ ಸಲ ಹತ್ತು ದಿನ ಇರ್ತೇವೆ ಅಂತ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಷ್ಟ್ ದಿನ ಎಂತಕೆ? ನಿಂಗೆ ಕೆಲ್ಸ ಇಲ್ಯಾ?” ಅಂದರು.